ಎರಡನೇ ಕ್ಲಾಸಿನ ಮಗುವಿಗೆ ಹೋಮ್‌ವರ್ಕ್ ಬೇಕಾ?

ಪರ: ದಿನಕ್ಕೊಂದು ಪುಟ ಮನೆಯಲ್ಲೂ ಓದಲಿ
(ಕಾರವಾರ ಕಡೆಯ ಒಬ್ಬ ಅಕ್ಕೋರು)

ನನ್ನ ಕ್ಲಾಸಿನ ಹೆಚ್ಚಿನ ಮಕ್ಕಳ ಮನೆಮಾತು ಕೊಂಕಣಿ. ಸಂಜೆ ಗಂಟೆ ಹೊಡೆದ ಮೇಲೆ ಮರುದಿನ ಪ್ರಾರ್ಥನೆಗೆ ನಿಲ್ಲುವ ತನಕ ಅವರ ಕಿವಿಗೆ ಕನ್ನಡ ಬೀಳುವುದೇ ಕಡಿಮೆ. ಓದುವುದಂತೂ ಇಲ್ಲವೇ ಇಲ್ಲ.

ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮಗು ತನ್ನ ವೇಗದಲ್ಲಿ ಕಾರ್ಡ್ ಹಿಡಿದು ಮುಂದೆ ಹೋಗುತ್ತದೆ. ಇದು ನನಗೆ ಇಷ್ಟ. ಆದರೆ ಇಷ್ಟು ಮಕ್ಕಳಿಗೆ ನಾನೊಬ್ಬಳೇ. ಒಂದು ಮಗು ಗಟ್ಟಿಯಾಗಿ ಓದುವುದನ್ನು ಪಕ್ಕದಲ್ಲಿ ಕೂತು ಕೇಳಲು ದಿನಕ್ಕೆ ನಾಲ್ಕು ನಿಮಿಷ ಸಿಕ್ಕರೆ ಜಾಸ್ತಿ.

ಜುಲೈಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಒಂದು ವರ್ಷ ಹೀಗೇ ನಾಲ್ಕು ದಿನ ಶಾಲೆ ಇರಲಿಲ್ಲ. ಮಕ್ಕಳು ವಾಪಸ್ ಬಂದಾಗ ‘ಅಕ್ಕ’ದ ಒತ್ತು ಎಷ್ಟೋ ಜನಕ್ಕೆ ಮರೆತುಹೋಗಿತ್ತು. ಮನೆಯಲ್ಲಿ ಓದಿಸಿಕೊಂಡವರಿಗೆ ನೆನಪಿತ್ತು. ಅವತ್ತಿನಿಂದ ದಿನಾ ಒಂದು ಪುಟ ಓದಲು ಹೇಳುತ್ತೇನೆ. ಬರೆಯುವುದು ಬೇಡ, ಹದಿನೈದು ನಿಮಿಷ ಸಾಕು. ಮನೆಯವರು ಸುಮ್ನೆ ಕೂತು ಕೇಳಬೇಕು, ಅಷ್ಟೇ.

ಓದಲು ಬಾರದ ತಾಯಂದಿರು ಏನು ಮಾಡಬೇಕು ಎಂದು ಕೇಳುತ್ತಾರೆ. ಕೇಳಿಸಿಕೊಳ್ಳಲು ಅಕ್ಷರ ಬೇಡವಲ್ಲ! ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅಪ್ಪ ಜಗುಲಿಯಲ್ಲಿ ಬಲೆ ಸರಿಮಾಡುತ್ತಾ ಕೂತಿರುತ್ತಾರೆ, ಮಗಳು ಪಕ್ಕದಲ್ಲಿ ಓದುತ್ತಾಳೆ. ಹೀಗೆ ಕೇಳಿದ ಒಬ್ಬ ಅಪ್ಪ ಆಗಸ್ಟಿನಲ್ಲಿ ದೋಣಿಗೆ ಹೋಗುವ ಮುಂಚೆ ಶಾಲೆಗೆ ಬಂದಿದ್ದರು. “ಅಕ್ಕೋರೇ, ಇನ್ನು ಇವಳ ಓದು ಕೇಳುವವರು ಯಾರು?” ಎಂದರು. ಅದುವರೆಗೆ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ವಿರೋಧ: ಸಂಜೆಯನ್ನು ಮಕ್ಕಳಿಗೆ ಬಿಡಿ
(ಶಿರಸಿ ತಾಲ್ಲೂಕಿನ ಒಬ್ಬ ತಾಯಿ)

ಅಕ್ಕೋರು ಹೇಳಿದ ಹೋಮ್‌ವರ್ಕ್ ನಮ್ಮ ಮನೆಗೆ ಬಂದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ನಮ್ಮ ಮನೆಗೆ ಬರುವುದು ಬೇರೆಯೇ.

ಮಗಳು ಪೇಟೆಯ ಶಾಲೆಯೊಂದರಲ್ಲಿ ಎರಡನೇ ಕ್ಲಾಸು. ಬೆಳಿಗ್ಗೆ ಏಳೂವರೆಗೆ ವ್ಯಾನು ಹತ್ತಿದವಳು ಮನೆ ಮುಟ್ಟುವಾಗ ಐದು ಗಂಟೆ. ಆಮೇಲೆ ಎರಡು ಪುಟ ಕಾಪಿ, ಇಂಗ್ಲಿಷ್ ಶಬ್ದ ಇಪ್ಪತ್ತಿಪ್ಪತ್ತು ಸಲ, ಮಗ್ಗಿ, ಒಂದು ಚಿತ್ರ. ಮಳೆಗಾಲದಲ್ಲಿ ಕರೆಂಟು ಹೋದರೆ ಚಾರ್ಜಿಂಗ್ ಲೈಟಿನಲ್ಲಿ ಬರೆಯಬೇಕು. ಏಳು ವರ್ಷದ ಬೆರಳುಗಳು, ಪೆನ್ಸಿಲ್ ಹಿಡಿದು ಹಿಡಿದು ನೋಯುತ್ತವೆ.

ಅಡಿಕೆ ಕೊಯ್ಲಿನ ಸಮಯದಲ್ಲಿ ನನಗೆ ಇನ್ನೂ ಸಂಕಟ. ರಾತ್ರಿ ಊಟವಾದ ಮೇಲೆ ಎಲ್ಲರೂ ಸುಲಿಯಲು ಕೂರುತ್ತೇವೆ. ಅಜ್ಜಿ ಕಥೆ ಹೇಳುತ್ತಾರೆ, ಅಕ್ಕಪಕ್ಕದವರು ಒಗಟು ಹಾಕುತ್ತಾರೆ. ಮಗಳಿಗೆ ಅಲ್ಲಿ ಕೂರಲು ಆಸೆ. ಹೋದ ವರ್ಷ ಒಂದು ದಿನ ಕೂರಿಸಿದೆ. ಅಡಿಕೆಯನ್ನು ಐದೈದರಂತೆ ಗುಂಪು ಮಾಡುತ್ತಾ ನೂರರ ತನಕ ಎಣಿಸಿದಳು. ಹಣ್ಣಾದ ಗೋಟು ಯಾವುದು, ಹಸಿರು ಕಾಯಿ ಯಾವುದು ಎಂದು ಬೇರೆ ಮಾಡಿದಳು. ಅಜ್ಜಿಗೆ ನೂರು ಪ್ರಶ್ನೆ ಕೇಳಿದಳು. ಒಂಬತ್ತೂವರೆಗೆ ಕಾಪಿ ನೆನಪಾಗಿ ಅಳಲು ಶುರು ಮಾಡಿದಳು. ಬರೆಯುತ್ತಲೇ ನಿದ್ದೆ ಹೋದಳು. ಉಳಿದ ಅರ್ಧ ಪುಟವನ್ನು ನಾನೇ ಎಡಗೈಯಲ್ಲಿ ಸೊಟ್ಟಂಬಟ್ಟ ಬರೆದೆ. ಇದು ತಪ್ಪು ಎಂದು ಗೊತ್ತು. ಮಗುವನ್ನು ಎಬ್ಬಿಸಲು ಮನಸ್ಸು ಬರಲಿಲ್ಲ.

ನಮ್ಮಲ್ಲಿ ಸುಲಿಯಲು ಬರುವ ಒಬ್ಬಳ ಮಗನೂ ಅದೇ ಕ್ಲಾಸು. ಅವಳಿಗೆ ಇಂಗ್ಲಿಷ್ ಬಾರದು. ಹೋಮ್‌ವರ್ಕ್ ಮಾಡಿಸಲೆಂದೇ ದುಡ್ಡು ಕೊಟ್ಟು ಟ್ಯೂಶನ್‌ಗೆ ಕಳಿಸುತ್ತಾಳೆ. ಶಾಲೆ ಮಾಡಬೇಕಾದ ಕೆಲಸಕ್ಕೆ ಅವಳ ಕೂಲಿ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1987ರಿಂದ 2003ರ ತನಕ ಅಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2006ರಲ್ಲಿ ಬರೆದರು. ಮೇಲಿನ ಕ್ಲಾಸುಗಳಲ್ಲಿ ಹೋಮ್‌ವರ್ಕಿಗೂ ಕಲಿಕೆಗೂ ನಂಟು ಕಂಡಿತು. ಚಿಕ್ಕ ಮಕ್ಕಳಲ್ಲಿ ಆ ನಂಟು ತೀರಾ ತೆಳುವಾಗಿತ್ತು.

ನಮ್ಮ ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯೂ ಎರಡನೇ ಕ್ಲಾಸಿನ ತನಕ ಹೋಮ್‌ವರ್ಕ್ ಬೇಡ ಎನ್ನುತ್ತದೆ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಸಂಜೆ ಮನೆಯಲ್ಲಿ ಹೇಗೆ ಕಳೆದಿರಿ, ಏನು ಆಡಿದಿರಿ, ಏನು ತಿಂದಿರಿ ಎಂದು ಈ ಪುಟ್ಟ ಮಕ್ಕಳನ್ನು ಕ್ಲಾಸಿನಲ್ಲಿ ಮಾತಾಡಿಸಬೇಕಂತೆ.

ಆ ರಾತ್ರಿಯ ಬಗ್ಗೆ ಹೇಳಲು ನನ್ನ ಮಗಳ ಹತ್ತಿರ ಎಷ್ಟೊಂದು ಇತ್ತು! ಅಜ್ಜಿಯ ಕಥೆ ಇತ್ತು, ಬಿಡಿಸಲಾಗದ ಒಂದು ಒಗಟೂ ಇತ್ತು. ಮರುದಿನ ಸಂಜೆ ವ್ಯಾನಿನಿಂದ ಇಳಿದ ಕೂಡಲೇ ಕೇಳಿದೆ: “ಕ್ಲಾಸಲ್ಲಿ ಹೇಳಿದ್ಯಾ?” ಯಾರೂ ಕೇಳಲಿಲ್ಲ ಆಯಿ, ಎಂದಳು. ಕಾಪಿ ಪುಸ್ತಕ ತೆಗೆದು ತೋರಿಸಿದಳು. ನಾನು ಬರೆದ ಸಾಲುಗಳ ಮೇಲೆ ಕೆಂಪು ಟಿಕ್ ಇತ್ತು.