ವೂಂಡ್ ಸರ್ಟಿಫಿಕೇಟಿನ ಒಂದು ಪ್ರತಿ ಗಾಯ ಆದವರ ಕೈಗೂ ಕೊಡಿ

ಹೊಡೆತ ತಿಂದು ಸರ್ಕಾರಿ ಆಸ್ಪತ್ರೆಗೆ ಹೋದವರು ವೂಂಡ್ ಸರ್ಟಿಫಿಕೇಟ್ (ಗಾಯ ಎಂಥದ್ದೆಂದು ಡಾಕ್ಟರು ಬರೆದುಕೊಡುವ ಪ್ರಮಾಣಪತ್ರ) ಕೇಳಿದರೆ, "ಅದನ್ನ ಪೊಲೀಸರಿಗೇ ಕೊಡೋದು, ಸ್ಟೇಷನ್‌ನಲ್ಲಿ ಕೇಳಿ" ಅನ್ನುತ್ತಾರೆ. ಸ್ಟೇಷನ್‌ನಲ್ಲಿ ಕೇಳಿದರೆ "ಆಸ್ಪತ್ರೆಯಿಂದ ಇನ್ನೂ ಬಂದಿಲ್ಲ." ಈ ಅಲೆದಾಟದಲ್ಲೇ ಎಷ್ಟೋ ಕೇಸುಗಳು ಸೊರಗುತ್ತವೆ.

ಆ ಹಾಳೆಯಲ್ಲಿ 'ಸಾದಾ ಗಾಯ' ಎಂದಿದ್ದು, ಆಯುಧ ಬಳಸಿಲ್ಲದಿದ್ದರೆ ಸಾಮಾನ್ಯವಾಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 115(2). ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಎನ್‌ಸಿಆರ್ (ಅಸಂಜ್ಞೇಯ ದೂರು ದಾಖಲಾದ ಚೀಟಿ) ಕೊಟ್ಟು ಕಳಿಸುತ್ತಾರೆ. 'ತೀವ್ರ ಗಾಯ' ಎಂದಿದ್ದರೆ 117(2), ಏಳು ವರ್ಷದವರೆಗೆ ಜೈಲು. ಮೂಳೆ ಅಥವಾ ಹಲ್ಲು ಮುರಿದರೂ ತೀವ್ರ, ಹದಿನೈದು ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ತೀವ್ರ. (ಮೊದಲಿದ್ದ ಐಪಿಸಿಯಲ್ಲಿ ಇದು ಇಪ್ಪತ್ತು ದಿನ ಇತ್ತು.)

ಎಡವಟ್ಟು ಹೆಚ್ಚಾಗಿ ಆಗುವುದು ಎಕ್ಸ್-ರೇ ವಿಷಯದಲ್ಲಿ. ಕ್ಯಾಶುಯಲ್ಟಿ ಡಾಕ್ಟರು "ಎಕ್ಸ್-ರೇ ವರದಿ ಬಂದ ಮೇಲೆ ಅಭಿಪ್ರಾಯ" ಎಂದು ಬರೆದಿಟ್ಟು ಜಿಲ್ಲಾಸ್ಪತ್ರೆಗೆ ರೆಫರ್ ಮಾಡುತ್ತಾರೆ. ಮೂಳೆ ಮುರಿದಿರುವುದು ಅಲ್ಲಿ ಗೊತ್ತಾಗುತ್ತದೆ, ಆದರೆ ಆ ವರದಿ ಮೊದಲಿನ ಆಸ್ಪತ್ರೆಗೆ ವಾಪಸ್ ಬರುವುದೇ ಇಲ್ಲ. ಕೊನೆಗೆ ಸರ್ಟಿಫಿಕೇಟಿನಲ್ಲಿ 'ಸಾದಾ' ಎಂದು ಉಳಿಯುತ್ತದೆ. ಗಾಯಾಳುವಿನ ಕೈಯಲ್ಲಿ ಪ್ರತಿ ಇದ್ದಿದ್ದರೆ ಅದೇ ವಾರ ಗೊತ್ತಾಗುತ್ತಿತ್ತು, ಸರಿಪಡಿಸಬಹುದಿತ್ತು. ಈಗ ಗೊತ್ತಾಗುವುದು ಚಾರ್ಜ್‌ಶೀಟ್ ಆದ ಮೇಲೆ.

ಅಲ್ಲೂ ಅನ್ಯಾಯವಿದೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 230ರ ಪ್ರಕಾರ ಚಾರ್ಜ್‌ಶೀಟಿನ ದಾಖಲೆಗಳು ಆರೋಪಿಗೆ ಉಚಿತವಾಗಿ ಸಿಗುತ್ತವೆ. ಸಂತ್ರಸ್ತರಿಗೆ ಸಿಗುವುದು ಅವರ ಪರ ವಕೀಲರಿದ್ದರೆ ಮಾತ್ರ. ಹೊಡೆದವನಿಗಿಲ್ಲದ ಷರತ್ತು ಹೊಡೆಸಿಕೊಂಡವರಿಗೆ ಯಾಕೆ?

ಕೆಲವು ಪ್ರಕರಣಗಳಲ್ಲಿ ಹಕ್ಕು ಸ್ಪಷ್ಟವಾಗಿಯೇ ಇದೆ, ಆಸ್ಪತ್ರೆಯವರು ಹೇಳುವುದಿಲ್ಲ ಅಷ್ಟೇ. ಕೌಟುಂಬಿಕ ದೌರ್ಜನ್ಯವಾದರೆ ಅದರ ತಡೆ ಕಾಯ್ದೆಯ 2006ರ ನಿಯಮಗಳ 17ನೇ ನಿಯಮದಡಿ ವೈದ್ಯಕೀಯ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಲೇಬೇಕು. ಲೈಂಗಿಕ ದೌರ್ಜನ್ಯವಾದರೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಅದನ್ನೇ ಹೇಳುತ್ತದೆ. ಪರೀಕ್ಷೆಗೆ ಪೊಲೀಸರ ಪತ್ರವೂ ಬೇಕಿಲ್ಲ. ಅತ್ಯಾಚಾರ ಪ್ರಕರಣದಲ್ಲಿ ಡಾಕ್ಟರು ಏಳು ದಿನದೊಳಗೆ ತನಿಖಾಧಿಕಾರಿಗೆ ವರದಿ ಕಳಿಸಬೇಕು. ಇನ್ನು ಯಾವುದೇ ರೋಗಿ ತನ್ನ ಚಿಕಿತ್ಸಾ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ಪರಿಷತ್ತಿನ 2002ರ ನಿಯಮ.

ಹಾಗಾಗಿ ಆಸ್ಪತ್ರೆ ಬಿಡುವ ಮುಂಚೆ ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ವೈದ್ಯಕೀಯ ದಾಖಲೆ) ನಂಬರ್, ತಾರೀಖು, ಡಾಕ್ಟರ ಹೆಸರು ಬರೆದುಕೊಳ್ಳಿ. ಓಪಿಡಿ ಚೀಟಿ, ಎಕ್ಸ್-ರೇ ಫಿಲ್ಮ್, ಡಿಸ್ಚಾರ್ಜ್ ಸಮ್ಮರಿ ಯಾರ ಕೈಗೂ ಕೊಟ್ಟು ಬರಬೇಡಿ, ಕೊಡಬೇಕಾಗಿ ಬಂದರೆ ಫೋಟೋ ತೆಗೆದಿಟ್ಟುಕೊಳ್ಳಿ. ಯಾರು, ಯಾವುದರಿಂದ, ಎಷ್ಟು ಹೊತ್ತಿಗೆ ಹೊಡೆದರು ಎಂಬುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗಂಡ ಪಕ್ಕದಲ್ಲೇ ನಿಂತಿದ್ದಾನೆಂದು "ಜಾರಿ ಬಿದ್ದೆ" ಅಂದರೆ ಅದೇ ದಾಖಲಾಗಿ, ಪಾಟೀಸವಾಲಿನಲ್ಲಿ ಅದೇ ಮುಳುವಾಗುತ್ತದೆ. ಅವನನ್ನು ಹೊರಗೆ ಕಳಿಸಿ ಅಂತ ಕೇಳಬಹುದು. ಕಂದಿದ ಗಾಯ ಹಸಿರು, ಹಳದಿಗೆ ತಿರುಗಿ ಸುಮಾರು ಎರಡು ವಾರದಲ್ಲಿ ಮಾಸುತ್ತದೆ. ತಡಮಾಡಿದರೆ ಬರೆಯಲು ಏನೂ ಉಳಿಯುವುದಿಲ್ಲ.

ಪ್ರತಿಗಾಗಿ ಆಡಳಿತ ವೈದ್ಯಾಧಿಕಾರಿಗೆ ಎರಡು ಪ್ರತಿಯಲ್ಲಿ ಅರ್ಜಿ ಬರೆದು, ಒಂದಕ್ಕೆ ಸೀಲು-ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ನಿರಾಕರಣೆಗೆ ದಾಖಲೆ ಇರುವುದಿಲ್ಲ. "ಕೊಡಲ್ಲ" ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಅಷ್ಟಕ್ಕೂ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.

ಪ್ರತಿ ಕೊಟ್ಟರೆ ತಿದ್ದಿಬಿಡುತ್ತಾರೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಮೂಲ ಆಸ್ಪತ್ರೆಯಲ್ಲೂ ಸ್ಟೇಷನ್‌ನಲ್ಲೂ ಇರುವಾಗ ತಿದ್ದಿದ ಪ್ರತಿ ಎಲ್ಲಿ ನಡೆಯುತ್ತದೆ? ಪೊಲೀಸರಿಗೆ ಕಳಿಸುವ ದಿನವೇ ಗಾಯಾಳುವಿಗೂ ಒಂದು ಪ್ರತಿ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಪಡೆಯಬೇಕು ಎಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಬೀದಿ ಜಗಳದಲ್ಲಿ ಕೈ ಮುರಿದುಕೊಂಡ ಕೂಲಿಯವನಿಗೂ ಅದು ಅನ್ವಯವಾಗಲಿ.