ಪಾರ್ವತಮ್ಮನವರು ಮತ್ತು ಗಾಂಧಿನಗರದ ಲೆಕ್ಕ

ಪಾರ್ವತಮ್ಮ ರಾಜ್‌ಕುಮಾರ್ ಅವರನ್ನು ನೆನೆಯುವ ಬರಹಗಳಲ್ಲಿ ಅವರು ಮೊದಲು ಅಣ್ಣಾವ್ರ ಮಡದಿ, ಆಮೇಲೆ ಮೂವರು ನಟರ ತಾಯಿ, ಜಾಗ ಉಳಿದಿದ್ದರೆ ಕೊನೆಗೆ ನಿರ್ಮಾಪಕಿ. ಈ ಕ್ರಮದ ಬಗ್ಗೆ ನನ್ನ ತಕರಾರಿದೆ. ಕತೆಯ ಆಯ್ಕೆಗೆ ಒಬ್ಬರು, ಪ್ರಚಾರಕ್ಕೆ ಒಬ್ಬರು, ಬಿಡುಗಡೆಗೆ ಮತ್ತೊಬ್ಬರು ಎಂದು ಇಂದಿನ ದೊಡ್ಡ ಸಂಸ್ಥೆಗಳು ಸಂಬಳ ಕೊಟ್ಟು ಮಾಡಿಸುವ ಕೆಲಸಗಳನ್ನು, 1939ರಲ್ಲಿ ಸಾಲಿಗ್ರಾಮದಲ್ಲಿ ಹುಟ್ಟಿದ ಆ ಹೆಣ್ಣುಮಗಳು ಯಾವ ಹುದ್ದೆಯ ಹೆಸರೂ ಇಲ್ಲದೆ ದಶಕಗಳ ಕಾಲ ನಿಭಾಯಿಸಿದರು.

ಅವರ ಮೊದಲ ಚಿತ್ರ ‘ತ್ರಿಮೂರ್ತಿ’ ಬಂದದ್ದು 1975ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ರಾಜ್‌ಕುಮಾರ್ ‘ಗಂಧದ ಗುಡಿ’ಯ ಮೂಲಕ ನೂರೈವತ್ತು ಚಿತ್ರಗಳನ್ನು ಮುಗಿಸಿದ್ದರು. ಇಲ್ಲಿ ಒಂದು ಸರಳ ಲೆಕ್ಕವಿದೆ. ನಟನಿಗೆ ಸಿಗುವುದು ಸಂಭಾವನೆ ಮಾತ್ರ. ನೆಗೆಟಿವ್, ಅಂದರೆ ಪ್ರಿಂಟುಗಳನ್ನು ತೆಗೆಯುವ ಮೂಲ ಫಿಲ್ಮು, ಯಾರ ಬಳಿ ಇದೆಯೋ, ಮರುಬಿಡುಗಡೆಯ ಹಣವೂ ಮುಂದೆ ಟಿವಿಯಿಂದ ಬರುವ ಹಣವೂ ಅವರದು. ಅಲ್ಲಿಯವರೆಗೆ ಬಹುತೇಕ ಬೇರೆಯವರ ಪಾಲಾದ ಆ ಹಕ್ಕು ಇನ್ನು ಮುಂದೆ ಮನೆಯಲ್ಲಿಯೇ ಉಳಿಯಲಿ ಎಂಬ ತೀರ್ಮಾನವನ್ನು ನಾನು ಕನ್ನಡ ಚಿತ್ರೋದ್ಯಮದ ಅತ್ಯಂತ ಜಾಣ ವ್ಯವಹಾರಗಳಲ್ಲಿ ಒಂದೆಂದು ಎಣಿಸುತ್ತೇನೆ. ಅವರೇ ನಿರ್ಮಿಸಿದ 1995ರ ‘ಓಂ’ ವರ್ಷಗಟ್ಟಲೆ ಮತ್ತೆ ಮತ್ತೆ ತೆರೆಗೆ ಬಂದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿರ್ಮಾಣದಷ್ಟೇ ಹಂಚಿಕೆಯೂ ಅವರ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು. ಬಿಕೆಟಿ ಎಂದರೆ ಬೆಂಗಳೂರು, ಕೋಲಾರ, ತುಮಕೂರು; ಹೀಗೆ ರಾಜ್ಯವನ್ನೇ ಏರಿಯಾಗಳಾಗಿ ಹಂಚಿಕೊಂಡು, ಯಾವ ಊರಿಗೆ ಎಷ್ಟು ಪ್ರಿಂಟು, ಯಾವ ಚಿತ್ರಮಂದಿರ ಬಾಡಿಗೆಗೆ, ಯಾವುದು ಶೇರಿಗೆ (ಗಳಿಕೆಯ ಪಾಲಿಗೆ), ಮೂರನೆಯ ವಾರ ಕಲೆಕ್ಷನ್ ಇಳಿದರೆ ರೀಲುಗಳ ಡಬ್ಬ ಎತ್ತಬೇಕೋ ಬೇಡವೋ ಎಂದು ದಿನವೂ ಎಣಿಸುವ ವ್ಯಾಪಾರವದು. ಕನ್ನಡ ಚಿತ್ರೋದ್ಯಮದ ಕಚೇರಿಗಳಿದ್ದ ಬೆಂಗಳೂರಿನ ಗಾಂಧಿನಗರದ ಆ ಲೋಕ ಬಹುಮಟ್ಟಿಗೆ ಗಂಡಸರದಾಗಿತ್ತು. ಅಲ್ಲಿ ಲೆಕ್ಕ ಕೇಳುವ ಹೆಂಗಸನ್ನು ‘ಗಟ್ಟಿಗಿತ್ತಿ’ ಎನ್ನುತ್ತಾರೆ, ಅದೇ ಲೆಕ್ಕವನ್ನು ಗಂಡಸು ಕೇಳಿದರೆ ಅದು ಬರೀ ವ್ಯವಹಾರ.

ಆದರೂ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವರ ಕತೆಗಳ ಆಯ್ಕೆ. ‘ಬೆಟ್ಟದ ಹೂವು’ ಅಮೆರಿಕದ ಲೇಖಕಿ ಶರ್ಲಿ ಅರೋರಾ ಅವರ ಕಾದಂಬರಿಯಿಂದ, ‘ಜೀವನ ಚೈತ್ರ’ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ಕಾದಂಬರಿಯಿಂದ, ‘ಜನುಮದ ಜೋಡಿ’ ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿಯಿಂದ ಬಂದವು. ಮೂಲ ಯಾವ ಭಾಷೆಯದೇ ಇರಲಿ, ಕನ್ನಡದ ಮನೆಮಂದಿಯೆಲ್ಲ ಕೂತು ನೋಡುತ್ತಾರೆಯೇ ಎಂಬುದೊಂದೇ ಅಲ್ಲಿನ ಅಳತೆಗೋಲಾಗಿದ್ದಂತೆ ತೋರುತ್ತದೆ. ಹಾಗೆಂದು ಅವರು ಸುರಕ್ಷಿತ ದಾರಿಗೇ ಅಂಟಿಕೊಂಡವರಲ್ಲ: ಅಲ್ಲಿಯವರೆಗೆ ಎರಡೇ ಚಿತ್ರ ನಿರ್ದೇಶಿಸಿದ್ದ ಉಪೇಂದ್ರ ಅವರ ಕೈಗೆ ಭೂಗತ ಲೋಕದ ‘ಓಂ’ ಒಪ್ಪಿಸಿ, ಅದರಲ್ಲಿ ಸ್ವಂತ ಮಗನನ್ನೇ ರೌಡಿಯಾಗಿ ನಿಲ್ಲಿಸಿದವರೂ ಅವರೇ.

ಹೊಸ ನಾಯಕಿಯರ ವಿಚಾರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ‘ಆನಂದ್’ನಲ್ಲಿ ಸುಧಾರಾಣಿ, ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀ, ‘ಅಪ್ಪು’ವಿನಲ್ಲಿ ರಕ್ಷಿತಾ, ‘ಅಭಿ’ಯಲ್ಲಿ ರಮ್ಯಾ. ಹೊಸ ಮುಖಕ್ಕೆ ಸಂಭಾವನೆ ಕಡಿಮೆ, ಪ್ರೇಕ್ಷಕರಿಗೆ ಕುತೂಹಲ ಹೆಚ್ಚು ಎಂಬ ವ್ಯಾಪಾರದ ಸೂತ್ರ ಇದರಲ್ಲಿ ಇದ್ದಿರಬಹುದು. ಆದರೆ ಇಷ್ಟು ಹೆಸರುಗಳು ಮುಂದೆ ತಾರೆಯರಾಗಿ ಬೆಳೆದದ್ದನ್ನು ಬರೀ ಅದೃಷ್ಟವೆಂದು ನಾನು ಒಪ್ಪಲಾರೆ.

ನಟ, ನಿರ್ಮಾಣ, ಹಂಚಿಕೆ ಮೂರೂ ಒಂದೇ ಮನೆಯಲ್ಲಿ ಕೂಡಿದ್ದರಿಂದ ಹೊರಗಿನ ಸಣ್ಣ ನಿರ್ಮಾಪಕರಿಗೆ ಜಾಗ ಕಿರಿದಾಯಿತೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅಂಥ ಮನೆಯ ಬಲವೇ ಬೇರೆಯವರ ಪಾಲಿಗೆ ಗೋಡೆಯೂ ಆಗುತ್ತದೆ.

ಪಾರ್ವತಮ್ಮನವರು 2017ರ ಮೇ 31ರಂದು ತೀರಿಕೊಂಡರು. ಪುನೀತ್ ಕಟ್ಟಿದ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಆ ಮೂರು ಅಕ್ಷರಗಳು ತಾಯಿಯ ಹೆಸರಿನವು. 2020ರ ಜುಲೈನಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಅದೇ ಸಂಸ್ಥೆ ‘ಲಾ’ ಚಿತ್ರವನ್ನು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆ ಮಾಡಿತು. ಡಬ್ಬಗಳ ಲೆಕ್ಕವಿಟ್ಟವರ ಹೆಸರು ಹೊತ್ತ ಸಂಸ್ಥೆ, ಡಬ್ಬವೇ ಇಲ್ಲದ ಆ ದಾರಿಯನ್ನು ಹಿಡಿದ ಮೊದಲಿಗರಲ್ಲಿ ಒಂದಾಗಿತ್ತು.