ನೆನಪು ಇರುವುದು ಮೇಳದವರ ಬಾಯಲ್ಲಿ

ಪುಣೆಗೆ ಬಂದ ಮೇಲೆ ಪ್ರಾಯೋಗಿಕ ನಾಟಕ ನೋಡುವ ಚಟ ಹತ್ತಿದೆ. ಈಚೆಗೆ ನೋಡಿದವುಗಳಲ್ಲಿ ಅರ್ಧಕ್ಕರ್ಧ ನೆನಪಿನ ಸುತ್ತಲೇ ತಿರುಗುತ್ತವೆ. ಅಜ್ಜಿಯ ಮರೆವು, ಬಿಟ್ಟು ಬಂದ ಮನೆ, ಹಳೇ ಕಾಗದ. ನೀಲಿ ಬೆಳಕು, ಸ್ಪೀಕರಿನಿಂದ ಬರುವ ದನಿ, ಅದಕ್ಕೆ ನಿಧಾನವಾಗಿ ಕುಣಿಯುವ ಹುಡುಗಿ. ಚೆನ್ನಾಗಿಯೇ ಮಾಡುತ್ತಾರೆ. ಆದರೂ ಬಾಗಲಕೋಟೆ ಕಡೆಯವನಾದ ನನ್ನದೊಂದು ತಕರಾರಿದೆ. ಅಲ್ಲಿ ನೆನಪು ಬರೀ ವಿಷಯ. ಪಾರಿಜಾತ, ಸಣ್ಣಾಟದಂಥ ನಮ್ಮ ಉತ್ತರ ಕರ್ನಾಟಕದ ಹಾಡಿ ಕುಣಿಯುವ ಬಯಲಾಟಗಳಲ್ಲಿ ಆಟ ನಡೆಯುವುದೇ ನೆನಪಿನ ಮೇಲೆ.

ಪಾತ್ರಧಾರಿ ಒಂದು ಸಾಲು ಹಾಡುತ್ತಾನೆ. ಹಿಂದೆ ನಿಂತ ಮೇಳದವರು ಆ ಸಾಲನ್ನು ಎತ್ತಿಕೊಳ್ಳುತ್ತಾರೆ. ಅವರು ಹಾಡುವಷ್ಟು ಹೊತ್ತು ಈತ ಹೆಜ್ಜೆ ಹಾಕುತ್ತಾನೆ, ದಮ್ಮು ತೆಗೆದುಕೊಳ್ಳುತ್ತಾನೆ, ಮುಂದಿನ ಸಾಲನ್ನು ತಲೆಯೊಳಗೇ ತಡಕಾಡುತ್ತಾನೆ. ಸಿಗಲಿಲ್ಲವೋ, ಮೇಳದವರು ಅದೇ ಸಾಲನ್ನು ಇನ್ನೊಂದು ಸುತ್ತು ತಿರುಗಿಸುತ್ತಾರೆ. ಕುಣಿತವೂ ಒಂದು ಸುತ್ತು ಜಾಸ್ತಿ ಆಗುತ್ತದೆ, ಅಷ್ಟೇ. ನೋಡುವವರು ಚಪ್ಪಾಳೆ ಹೊಡೆಯುತ್ತಾರೆ! ನಮ್ಮೂರ ಕಡೆಯ ಮೇಳದ ಹಿರಿಯರೊಬ್ಬರು ಹೇಳುತ್ತಿದ್ದರು: "ಪುಸ್ತಕ ಯಾಕ ಬೇಕೋ ತಮ್ಮಾ? ತಾಳ ಹಾಕು, ಪದ ತಾನ ಬರ್ತದ." ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಕಾಲದಿಂದ ಅದರ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರೆಗೆ, ಅವರಾಚೆಗೂ ಪದಗಳು ದಾಟಿ ಬಂದದ್ದು ಹೆಚ್ಚಾಗಿ ಹೀಗೇ, ಬಾಯಿಂದ ಬಾಯಿಗೆ.

ಪುಣೆಯವರಿಗೆ ಇದು ಗೊತ್ತಿಲ್ಲ ಅಂತಲ್ಲ. 1972ರಲ್ಲಿ ಅಲ್ಲಿ ರಂಗಕ್ಕೆ ಬಂದ 'ಘಾಶೀರಾಮ್ ಕೋತ್ವಾಲ್' ಎಂಬ ಮರಾಠಿ ನಾಟಕದಲ್ಲಿ ಸಾಲಾಗಿ ನಿಂತ ಗಂಡಸರೇ ಹಾಡುತ್ತಾರೆ, ಕುಣಿಯುತ್ತಾರೆ, ಬೆನ್ನು ತಿರುಗಿಸಿದರೆ ಅವರೇ ಗೋಡೆ. ಪುಣೆಯವರು ಹೆಮ್ಮೆಪಡುವ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇದನ್ನು ಪುಣೆಯ ಗೆಳೆಯರಿಗೆ ಆಗಾಗ ನೆನಪಿಸುತ್ತಿರುತ್ತೇನೆ. ಅವರಿಗೆ ಸಾಕಾಗಿಹೋಗಿದೆ.

ಹಾಗಂತ ನಮ್ಮದೇ ಮೇಲು ಅಂತ ಬೀಗಲಾರೆ. ಪುಣೆಯಲ್ಲಿ ಮೂರನೇ ಬೆಲ್ ಹೊಡೆಯಿತೆಂದರೆ ನಾಟಕ ಶುರು. ಜನ ಟಿಕೆಟ್ ತಗೊಂಡು ಬರುತ್ತಾರೆ, ಮುಗಿದ ಮೇಲೆ ನಿಂತು ಜಗಳಾಡುತ್ತಾರೆ. ನಮ್ಮ ಕಡೆ ಸಂಜೆ ಏಳಕ್ಕೆ ಅಂತ ಹಾಕಿದ ನಾಟಕಕ್ಕೆ ಮೊದಲು ದೀಪ, ಆಮೇಲೆ ಭಾಷಣ, ಆಮೇಲೆ ಶಾಲು, ಹಾರ, ಮತ್ತೆ ಶಾಲು. ನಾಟಕದ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತವೆ. ಟಿಕೆಟ್ ಅಂದರೆ "ನಾವೂ ಟಿಕೆಟ್ ತಗೋಬೇಕಾ?" ಅನ್ನುತ್ತಾರೆ.

ನೆನಪಿನ ನಾಟಕಕ್ಕೆ ಬಾಗಲಕೋಟೆಗಿಂತ ಬೇರೆ ಊರು ಬೇಕೇ? ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಹೋದವು. ಜನ ಅವರಿಗಾಗಿ ಕಟ್ಟಿದ ಹೊಸ ಬಡಾವಣೆ ನವನಗರಕ್ಕೆ ಬಂದರು. ಓಣಿಯ ಹೆಸರು ಹೇಳಿ ಗುರುತು ಕೊಡುತ್ತಿದ್ದವರು ಈಗ ಸೆಕ್ಟರ್ ನಂಬರ್ ಹೇಳುತ್ತಾರೆ. ಅದೂ ಮುಗಿದ ಕಥೆಯಲ್ಲ. ನೀರು ಈಗ ನಿಲ್ಲುವುದು 519.6 ಮೀಟರಿಗೆ. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರಿನವರೆಗೆ ನಿಲ್ಲಿಸಲು ಒಪ್ಪಿದೆ. ನೀರು ಏರಿದರೆ ಮನೆ ಯಾವಾಗ ಬಿಡಬೇಕೋ ಅಂತ ಕಾಯುತ್ತ ಕೂತವರು ಇನ್ನೂ ಇದ್ದಾರೆ.

ಈ ಕಥೆಯನ್ನು ನೀಲಿ ಬೆಳಕಿನಲ್ಲಿ ಮಾಡಿದರೆ ಪುಣೆಯ ನಾಟಕವೇ ಆದೀತು. ಅದರ ಬದಲು ಮೇಳ ಕಟ್ಟಿ. ಒಬ್ಬಳು ಮುಂದೆ ಬಂದು ತನ್ನ ಓಣಿಯ ಗುಡಿ, ಗರಡಿಮನೆ, ಗಿರಣಿ ಒಂದೊಂದನ್ನೇ ಹೆಸರು ಹಿಡಿದು ಹಾಡಲಿ. ಮೇಳದವರು ಎತ್ತಿಕೊಳ್ಳಲಿ. ಅವಳು ಮರೆತಲ್ಲಿ ಸುತ್ತು ತಿರುಗಲಿ, ಹೆಜ್ಜೆ ನಿಲ್ಲದಿರಲಿ. ಹಳೇ ಊರಿನವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರು ಸುಮ್ನೆ ಇರುವುದಿಲ್ಲ ಬಿಡಿ.

ಖರ್ಚು ಉಳಿಯುತ್ತದೆ ಅಂತ ಮೇಳದ ಹಾಡನ್ನು ರೆಕಾರ್ಡ್ ಮಾಡಿಕೊಂಡು ಬರುವುದಾದರೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಗಿರಣಿ ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಮುಂದಿನ ಸಾಲಿನವರು ಎದ್ದು ತಿದ್ದತೊಡಗಿದರೆ ರೆಕಾರ್ಡಿಂಗ್ ಏನು ಮಾಡೀತು?